ಏನೂ ಬಡಿಸದ ತಟ್ಟೆ

ಅಮೆರಿಕದ ಅಧ್ಯಕ್ಷರ ಮನೆ ವೈಟ್ ಹೌಸ್‌ನಲ್ಲಿ ದೊಡ್ಡ ಔತಣಗಳಿಗೆಂದೇ ಒಂದು ಕೋಣೆಯಿದೆ. ಅಲ್ಲಿನ ಮೇಜಿನ ಮೇಲೆ ಒಂದು ಹಳೆಯ ಫ್ರೆಂಚ್ ವಸ್ತುವನ್ನು ಇಡುತ್ತಾರೆ. ದೂರದಿಂದ ನೋಡಿದರೆ ಚಿನ್ನದ ಕಟಾಂಜನ ಕಟ್ಟಿದ ಪುಟ್ಟ ಕೊಳದ ಹಾಗೆ ಕಾಣುತ್ತದೆ. ಹತ್ತಿರ ಹೋದರೆ ಅದು ನೀರಲ್ಲ, ಕನ್ನಡಿ. ಅಗಲ ಸುಮಾರು ಎರಡು ಅಡಿ. ಉದ್ದ ಹದಿನಾಲ್ಕು ಅಡಿಗೂ ಜಾಸ್ತಿ. ಅಂಚಿನ ಸುತ್ತ ಮೊಣಕಾಲೆತ್ತರದ ಬೇಲಿಯಂತೆ ದ್ರಾಕ್ಷಿ ಬಳ್ಳಿ, ಹಣ್ಣಿನ ಗೊಂಚಲು. ಮೊಣಕಾಲು ಅಂದರೆ ನಮ್ಮದಲ್ಲ, ಅಲ್ಲಿ ನಿಂತಿರುವ ಗೊಂಬೆಗಳದ್ದು. ಒಟ್ಟು ಹದಿನಾರು ಗೊಂಬೆಗಳು, ಪ್ರತಿಯೊಂದರ ಕೈಯಲ್ಲೂ ಎಲೆಬಳ್ಳಿಯ ಸುತ್ತು. ಆ ಸುತ್ತಿನಲ್ಲಿ ಮೇಣದಬತ್ತಿ ಸಿಕ್ಕಿಸಬಹುದು. ಬತ್ತಿ ಬೇಡ ಅನ್ನಿಸಿದರೆ ಅದರ ಜಾಗಕ್ಕೆ ಪುಟ್ಟ ಬಟ್ಟಲು ಕೂರಿಸಬಹುದು.

ಇದನ್ನು 1817ರಲ್ಲಿ ಪ್ಯಾರಿಸ್‌ನ ದೆನಿಯೇರ್ ಮತ್ತು ಮಾತೆಲಾಂ ಎಂಬ ಅಂಗಡಿ ಮಾಡಿಕೊಟ್ಟಿತು. ಲೋಹ ಕಂಚು. ಮೇಲಿರುವುದು ನಿಜವಾದ ಚಿನ್ನ. ಅಷ್ಟು ದೊಡ್ಡ ತಟ್ಟೆಯಲ್ಲಿ ತಿನ್ನುವಂಥದ್ದು ಒಂದೂ ಇಡುವುದಿಲ್ಲ. ಹೆಚ್ಚೆಂದರೆ ಹೂವು ಇಡುತ್ತಾರೆ.

ಮತ್ತೆ ಅದು ಯಾಕೆ ಬೇಕು?

ಪಂಕ್ತಿ ಊಟ ಮಾಡಿ ಬೆಳೆದ ನಮಗೆ ಈ ಪ್ರಶ್ನೆ ಸಹಜ. ಎಲೆಯ ಸಾಲಿಗೆ ‘ನಡು’ ಅಂತ ಒಂದು ಜಾಗವೇ ಇಲ್ಲ. ಎರಡು ಸಾಲಿನ ನಡುವೆ ಇರುವುದು ಸಾರಿನ ಬಕೆಟ್ಟು ಹಿಡಿದವರು ಓಡಾಡುವ ದಾರಿ. ಫ್ರಾನ್ಸಿನ ಶ್ರೀಮಂತರ ಮೇಜು ಹಾಗಲ್ಲ. ಜನ ಅದರ ಸುತ್ತಲೂ ಎದುರುಬದುರು ಕೂರುತ್ತಾರೆ. ಮೇಜು ದೊಡ್ಡದಾದಷ್ಟೂ ಯಾರ ಕೈಗೂ ಎಟುಕದ ಒಂದು ಪಟ್ಟಿ ನಡುವೆ ಉಳಿದುಬಿಡುತ್ತದೆ. ಅಲ್ಲಿ ಊಟ ಇಟ್ಟು ಪ್ರಯೋಜನವಿಲ್ಲ, ಖಾಲಿ ಬಿಟ್ಟರೆ ಬಣಬಣ ಅನ್ನುತ್ತದೆ. ಆ ಖಾಲಿ ಪಟ್ಟಿಗೆ ಸಿಕ್ಕ ಉತ್ತರವೇ ಈ ತಟ್ಟೆ. ಫ್ರೆಂಚಿನಲ್ಲಿ ಇದರ ಹೆಸರು ‘ಸ್ಯುರ್ತೂ’. ಬಿಡಿಸಿದರೆ ‘ಎಲ್ಲದರ ಮೇಲೆ’ ಅಂತ ಅರ್ಥ. ಬಟ್ಟೆಯ ಮೇಲೆ ಹಾಕುವ ಓವರ್‌ಕೋಟಿಗೂ ಅವರು ಅದೇ ಹೆಸರು ಇಟ್ಟಿದ್ದರು.

ಶುರುವಿನಲ್ಲಿ ಇದು ಸುಮ್ನೆ ಅಲಂಕಾರವಾಗಿರಲಿಲ್ಲ. 17ನೇ ಶತಮಾನದ ಕೊನೆಗೆ ಫ್ರಾನ್ಸಿನ ಮೇಜುಗಳ ಮೇಲೆ ಸ್ಯುರ್ತೂ ಕಾಣಿಸಿಕೊಂಡಾಗ ಅದು ಒಂದು ಬಗೆಯ ಮಸಾಲೆ ಡಬ್ಬಿ. ಉಪ್ಪು, ಮೆಣಸು, ಸಕ್ಕರೆ, ಎಣ್ಣೆ, ವಿನಿಗರ್, ಜೊತೆಗೆ ಮೇಣದಬತ್ತಿಯ ಕೊಂಬೆಗಳು, ಎಲ್ಲವೂ ಒಂದೇ ಕಡೆ. ಬರಬರುತ್ತಾ ಉಪ್ಪು ಮೆಣಸು ಹೊರಬಿದ್ದವು, ಬೆಳಕು ಮತ್ತು ಡೌಲು ಉಳಿದುಕೊಂಡವು.

ಅದು ಊಟ ಮುಗಿಯುವವರೆಗೂ ಅಲುಗದೆ ಅಲ್ಲೇ ಇರಲು ಒಂದು ಕಾರಣವಿತ್ತು. ಆ ಕಾಲದ ಫ್ರೆಂಚ್ ಔತಣದಲ್ಲಿ ಒಂದೊಂದೇ ಪದಾರ್ಥ ಬರುತ್ತಿರಲಿಲ್ಲ. ಒಂದು ಸುತ್ತಿನ ಪಾತ್ರೆಗಳೆಲ್ಲ ಒಟ್ಟಿಗೆ ಬಂದು ನಕ್ಷೆ ಹಾಕಿದ ಹಾಗೆ ಮೇಜಿನ ಮೇಲೆ ಕೂರುತ್ತಿದ್ದವು. ಆ ಸುತ್ತು ಮುಗಿದರೆ ಎಲ್ಲ ಎತ್ತಿ ಮುಂದಿನ ಸುತ್ತು. ಹೀಗೆ ಎರಡೋ ಮೂರೋ ಸಲ ಮೇಜು ಬದಲಾಗುತ್ತಿತ್ತು. ನಡುವಿನ ಸ್ಯುರ್ತೂ ಮಾತ್ರ ಮೊದಲಿಂದ ಕೊನೆಯವರೆಗೆ ಇದ್ದಲ್ಲೇ ಇರುತ್ತಿತ್ತು. ಅದಕ್ಕೇ ಅದನ್ನು ‘ದೊರ್ಮಾಂ’ ಅಂತಲೂ ಕರೆದರು. ಹಾಗಂದರೆ ಮಲಗಿರುವಂಥದ್ದು.

ಆಮೇಲೆ ಈ ಪದ್ಧತಿಯೇ ಬದಲಾಯಿತು. ಆಳುಗಳು ಒಂದೊಂದೇ ಪದಾರ್ಥ ತಂದು ಕೂತವರಿಗೆ ಬಡಿಸುವ ರಷ್ಯನ್ ರೀತಿ ಬಂತು. 1810ರ ಹೊತ್ತಿಗೆ ಪ್ಯಾರಿಸ್‌ನಲ್ಲಿದ್ದ ರಷ್ಯಾದ ರಾಯಭಾರಿ ಅಲೆಕ್ಸಾಂದರ್ ಕುರಾಕಿನ್ ಇದನ್ನು ತಂದ ಅಂತ ಹೇಳುತ್ತಾರೆ. ಅದು ಮನೆಮನೆಗೆ ಹರಡಲು ಮತ್ತೂ ಹಲವು ದಶಕ ಹಿಡಿಯಿತು. ಬಡಿಸುವವರು ಬಂದಮೇಲೆ ಮೇಜಿನ ಮೇಲೆ ಪಾತ್ರೆಗಳಿಗೆ ಕೆಲಸವಿಲ್ಲ. ನಡುವಿನ ಖಾಲಿ ಜಾಗ ಇನ್ನೂ ದೊಡ್ಡದಾಯಿತು. ಸ್ಯುರ್ತೂ ಕೂಡ ಬೆಳೆಯಿತು.

ಕಂಚಿಗೆ ಮೊದಲು ಆ ಜಾಗದಲ್ಲಿ ಬೇರೆ ಬೇರೆ ಸಾಮಾನು ಬಂದುಹೋಗಿವೆ. ಸಕ್ಕರೆಯಲ್ಲಿ ಮಾಡಿದ ತೋಟ, ಮಂಟಪ, ದೇವತೆಗಳ ಗೊಂಬೆ. ನಮ್ಮ ಸಂಕ್ರಾಂತಿ ಸಕ್ಕರೆ ಅಚ್ಚಿಗೆ ಇವು ದೊಡ್ಡಣ್ಣನ ಹಾಗೆ. ಆಮೇಲೆ ಪಿಂಗಾಣಿ. ಅದರಲ್ಲೂ ‘ಬಿಸ್ಕಿಟ್’ ಅನ್ನುವ, ಹೊಳಪಿನ ಲೇಪ ಇಲ್ಲದ, ಅಮೃತಶಿಲೆಯಂತೆ ಕಾಣುವ ಬಿಳಿ ಪಿಂಗಾಣಿ. ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಕೂಡ ಇಂಥದ್ದಕ್ಕೆ ಆಸೆಪಟ್ಟವನೇ. 1789ರಲ್ಲಿ ಯೂರೋಪಿನಲ್ಲಿದ್ದ ಗೆಳೆಯ ಗವರ್ನರ್ ಮಾರಿಸ್‌ಗೆ ಬರೆದು ಕನ್ನಡಿ ತಟ್ಟೆಗಳನ್ನೂ ಬಿಸ್ಕಿಟ್ ಗೊಂಬೆಗಳನ್ನೂ ತರಿಸಿಕೊಂಡ. ಇಲ್ಲಿ ಗವರ್ನರ್ ಅನ್ನುವುದು ಆ ಗೆಳೆಯನ ಹೆಸರೇ, ಹುದ್ದೆಯಲ್ಲ. ಸಕ್ಕರೆ ಕರಗುತ್ತದೆ, ಪಿಂಗಾಣಿ ಒಡೆಯುತ್ತದೆ. ಕಂಚು ಎರಡೂ ಮಾಡುವುದಿಲ್ಲ.

ಈಗ ಬೆಳಕಿನ ಲೆಕ್ಕಕ್ಕೆ ಬರೋಣ. ನನ್ನ ಮಟ್ಟಿಗೆ ಇಡೀ ವಸ್ತು ಅರ್ಥವಾಗುವುದು ಇಲ್ಲೇ.

ಒಂದು ಮೇಣದಬತ್ತಿ ಸುತ್ತಲೂ ಚೆಲ್ಲುವ ಬೆಳಕು ಸುಮಾರು 12 ಲ್ಯೂಮೆನ್. ನಮ್ಮ ಮನೆಗಳಲ್ಲಿ ಮೊದಲು ಇರುತ್ತಿದ್ದ ಹಳದಿ ಬೆಳಕಿನ 60 ವ್ಯಾಟ್ ಬಲ್ಬು ಸುಮಾರು 700 ಲ್ಯೂಮೆನ್ ಕೊಡುತ್ತಿತ್ತು. ವೈಟ್ ಹೌಸಿನ ತಟ್ಟೆಯ ಹದಿನಾರೂ ಬತ್ತಿ ಹಚ್ಚಿದರೂ ಬರುವುದು 200 ಲ್ಯೂಮೆನ್ ಒಳಗೆ. ಅಂದರೆ ಅಧ್ಯಕ್ಷರ ಮೇಜಿನ ನಡುವಿನ ಅಷ್ಟೂ ವೈಭವ ಸೇರಿ ಒಂದು ಬಲ್ಬಿನ ಕಾಲು ಭಾಗ, ಸ್ವಲ್ಪ ಹೆಚ್ಚು! ಕರೆಂಟ್ ಹೋದ ರಾತ್ರಿ ಒಂದು ಮೇಣದಬತ್ತಿ ಇಟ್ಟುಕೊಂಡು ಊಟ ಮಾಡಿದವರಿಗೆ ಗೊತ್ತು, ಎದುರಿಗೆ ಕೂತವರ ಮುಖ ಕೂಡ ಸರಿಯಾಗಿ ಕಾಣುವುದಿಲ್ಲ.

ಇಷ್ಟು ಬಡ ಬೆಳಕಿನಲ್ಲಿ ಒಂದು ಹನಿಯೂ ಪೋಲಾಗಬಾರದು. ಬತ್ತಿಯಿಂದ ಕೆಳಕ್ಕೆ ಬೀಳುವ ಬೆಳಕನ್ನು ಮೇಜಿನ ಬಟ್ಟೆ ಎಲ್ಲ ಕಡೆಗೂ ಚೆದುರಿಸಿಬಿಡುತ್ತದೆ. ಅಲ್ಲಿ ಕನ್ನಡಿ ಇದ್ದರೆ ಅದು ಹಾಗೇ ಮೇಲಕ್ಕೆ ಪುಟಿದು ಮುಖಗಳ ಕಡೆ ಬರುತ್ತದೆ. ಹದಿನಾರು ಬತ್ತಿ ಮೂವತ್ತೆರಡಾಗಿ ಕಾಣುತ್ತವೆ. ಗೊಂಬೆಗಳೂ ತಲೆಕೆಳಗಾಗಿ ಇನ್ನೊಂದು ಸಾಲು ನಿಲ್ಲುತ್ತವೆ. ಇನ್ನು ಸುತ್ತಲಿನ ಕಂಚನ್ನು ಎರಡು ಬಗೆಯಾಗಿ ಮುಗಿಸಿರುತ್ತಾರೆ. ಗೊಂಬೆಯ ಮೈ ಮಬ್ಬು ಚಿನ್ನ, ಬೆಳಕನ್ನು ಮೃದುವಾಗಿ ಹರಡುತ್ತದೆ. ಎಲೆಯ ಅಂಚು, ದ್ರಾಕ್ಷಿಯ ನೆತ್ತಿ, ಪಟ್ಟಿಯ ಏಣು ಇವೆಲ್ಲ ಕನ್ನಡಿಯಂತೆ ಒಪ್ಪ ಹಾಕಿದ ಚಿನ್ನ, ಬೆಳಕನ್ನು ಚುಕ್ಕಿಯಾಗಿ ಹೊಡೆಯುತ್ತದೆ. ಜ್ವಾಲೆ ಅಲ್ಲಾಡಿದಾಗ ಚುಕ್ಕಿಗಳೂ ಓಡುತ್ತವೆ. ಮ್ಯೂಸಿಯಂನ ಬಿಳಿ ಎಲ್‌ಇಡಿ ಕೆಳಗೆ ಇಂಥ ವಸ್ತು ನೋಡಿ ‘ಏನಪ್ಪ ಇಷ್ಟೊಂದು ಥಳಕು’ ಅನ್ನಿಸಿದರೆ ತಪ್ಪು ನಮ್ಮದಲ್ಲ. ಅದನ್ನು ಮಾಡಿದ್ದು ಆ ಬೆಳಕಿಗಲ್ಲ.

ಇನ್ನು ಆ ಚಿನ್ನ ಅಲ್ಲಿಗೆ ಹೇಗೆ ಬಂತು ಅನ್ನುವ ವಿಷಯ. ಇಲ್ಲಿ ಕತೆ ಸ್ವಲ್ಪ ಕಹಿಯಾಗುತ್ತದೆ.

ಮೊದಲು ಎರಕ. ಶಿಲ್ಪಿ ಮಾಡಿದ ಮಾದರಿಯಿಂದ ಅಚ್ಚು ತೆಗೆದು ಲೋಹ ಹೊಯ್ಯುತ್ತಾರೆ. ದೊಡ್ಡ ವಸ್ತುವಿನ ಕೈ, ತಲೆ, ಎಲೆ, ಪಟ್ಟಿ ಎಲ್ಲ ಬೇರೆ ಬೇರೆ ತುಂಡು. ಕಂಚು ಅಂತ ಕರೆದರೂ ಪ್ಯಾರಿಸ್‌ನವರ ಮಿಶ್ರಣದಲ್ಲಿ ತಾಮ್ರದ ಜೊತೆ ಸತುವೂ ಚೆನ್ನಾಗಿಯೇ ಇರುತ್ತಿತ್ತು. ತವರ, ಸೀಸ ಸ್ವಲ್ಪ. ನಮ್ಮ ಲೆಕ್ಕದಲ್ಲಿ ಅದು ಹಿತ್ತಾಳೆಗೆ ಹತ್ತಿರ. ಹಳದಿ ಲೋಹದ ಮೇಲೆ ಚಿನ್ನ ಚೆನ್ನಾಗಿ ಕೂರುತ್ತದೆ, ಕಡಿಮೆ ಚಿನ್ನವೂ ಸಾಕು.

ಎರಕದಿಂದ ಬಂದ ತುಂಡು ಒರಟು. ಉಳಿ, ಅರ, ಪುಟ್ಟ ಸುತ್ತಿಗೆ ಹಿಡಿದು ಕುಸುರಿಯವನು ಎಲೆಯ ನರ, ಕೂದಲಿನ ಎಳೆ, ಬಟ್ಟೆಯ ನೆರಿಗೆ ಎಲ್ಲವನ್ನೂ ಮತ್ತೆ ಬಿಡಿಸುತ್ತಾನೆ. ಒಳ್ಳೆಯ ಕೆಲಸಕ್ಕೂ ಸಾಧಾರಣ ಕೆಲಸಕ್ಕೂ ವ್ಯತ್ಯಾಸ ತಿಳಿಯುವುದು ಇಲ್ಲೇ. ಮಬ್ಬು ಚಿನ್ನದ ಮುಗಿತಾಯಕ್ಕೆ ಹೆಸರಾದ ಪಿಯೇರ್ ಗುತಿಯೇರ್, ಅವನ ಹತ್ತಿರ ಕೆಲಸ ಮಾಡಿ ಮುಂದೆ ನೆಪೋಲಿಯನ್ ಕಾಲದ ಅತಿ ದೊಡ್ಡ ಕಂಚುಗಾರನಾದ ಪಿಯೇರ್-ಫಿಲಿಪ್ ತೋಮಿರ್, ಇವರ ಎಲೆಗಳನ್ನು ಮುಟ್ಟಿದರೆ ಬಾಗುತ್ತವೇನೋ ಅನ್ನಿಸುತ್ತದೆ. ಪಾಪ, ಗುತಿಯೇರ್‌ಗೆ ದೊಡ್ಡ ಬಾಕಿ ಉಳಿಸಿಕೊಂಡಿದ್ದವಳು ರಾಜ 15ನೇ ಲೂಯಿಯ ಪ್ರೇಯಸಿ ಮದಾಮ್ ದು ಬಾರಿ. 1793ರಲ್ಲಿ ಕ್ರಾಂತಿಕಾರಿಗಳು ಅವಳ ತಲೆ ಕಡಿದರು. ಬಾಕಿ ಬಾಕಿಯಾಗೇ ಉಳಿಯಿತು. ಗುತಿಯೇರ್ 1813ರಲ್ಲಿ ಬಡತನದಲ್ಲೇ ಸತ್ತ.

ಕುಸುರಿ ಮುಗಿದ ಮೇಲೆ ಗಿಲೀಟು. ಇವತ್ತು ಗಿಲೀಟು ಅಂದರೆ ನಮಗೆ ಅಗ್ಗದ ಒಡವೆ ನೆನಪಾಗುತ್ತದೆ. ಇದು ಆ ಜಾತಿಯಲ್ಲ. ಇದು ಬೆಂಕಿಯ ಗಿಲೀಟು, ಪಾದರಸದ್ದು.

ನಮ್ಮ ಹೈಸ್ಕೂಲಿನ ಲ್ಯಾಬಿನಲ್ಲಿ ಪಾದರಸ ತೋರಿಸುವ ಮೊದಲು ಮೇಷ್ಟ್ರು ಎಲ್ಲರಿಗೂ ಉಂಗುರ ಬಿಚ್ಚಿಡಿ ಅಂದಿದ್ದರು. ನನ್ನ ಪಕ್ಕದವನೊಬ್ಬ ಬಿಚ್ಚಲಿಲ್ಲ. ಒಂದು ಹನಿ ತಾಗಿದ್ದೇ ತಡ, ಚಿನ್ನದ ಉಂಗುರದ ಒಂದು ಕಡೆ ಬೆಳ್ಳಿ ಬಣ್ಣಕ್ಕೆ ತಿರುಗಿತು. ತಿಕ್ಕಿದರೂ ಹೋಗಲಿಲ್ಲ. ಮನೆಯಲ್ಲಿ ಏನು ಹೇಳಲಿ ಅಂತ ಅವನು ಅಳುವುದೊಂದು ಬಾಕಿ. ಅವತ್ತು ನಾವು ನೋಡಿದ್ದೇ ಈ ಗಿಲೀಟಿನ ಅರ್ಧ ಗುಟ್ಟು. ಪಾದರಸ ಚಿನ್ನವನ್ನು ಒಳಗೆ ಎಳೆದುಕೊಳ್ಳುತ್ತದೆ. ಕೋಲಾರದ ಗಣಿಯಲ್ಲೂ ಹಿಂದೆ ಅರೆದ ಅದಿರಿನಿಂದ ಚಿನ್ನ ಹಿಡಿಯಲು ಇದೇ ಗುಣವನ್ನು ಬಳಸುತ್ತಿದ್ದರು. ಉಳಿದರ್ಧ ಗುಟ್ಟು ಇರುವುದು ಕಾವಿನಲ್ಲಿ. ಪಾದರಸ 357 ಡಿಗ್ರಿ ಸೆಲ್ಸಿಯಸ್‌ಗೆ ಕುದಿದು ಹಾರಿಹೋಗುತ್ತದೆ. ಚಿನ್ನ ಕರಗಲು 1064 ಡಿಗ್ರಿ ಬೇಕು. ಎರಡನ್ನೂ ಬೆರೆಸಿ ಕಾಯಿಸಿದರೆ ಪಾದರಸ ಹೋಗಿ ಚಿನ್ನ ಕೂತಲ್ಲೇ ಉಳಿಯುತ್ತದೆ. ಅಷ್ಟೇ ತಂತ್ರ.

ಪ್ಯಾರಿಸ್‌ನ ಅಂಗಡಿಯಲ್ಲಿ ಅದು ಹೀಗೆ ನಡೆಯುತ್ತಿತ್ತು. ಚಿನ್ನದ ತೆಳು ಚೂರುಗಳನ್ನು ಬಿಸಿ ಪಾದರಸಕ್ಕೆ ಹಾಕಿ ಕಲಕುತ್ತಾರೆ. ಒಂದು ಪಾಲು ಚಿನ್ನಕ್ಕೆ ಸುಮಾರು ಎಂಟು ಪಾಲು ಪಾದರಸ. ಅದನ್ನು ಮೆತ್ತನೆಯ ತೊಗಲಿನಲ್ಲಿ ಕಟ್ಟಿ ಹಿಂಡಿದರೆ ಹೆಚ್ಚಿನ ಪಾದರಸ ಹೊರಬಂದು ಒಳಗೆ ಬೆಣ್ಣೆಯಂಥ ಮುದ್ದೆ ಉಳಿಯುತ್ತದೆ. ಬಣ್ಣ ಬಿಳಿ. ಅದರೊಳಗೆ ಚಿನ್ನ ಇದೆ ಅಂದರೆ ನಂಬುವುದು ಕಷ್ಟ. ಕಂಚಿನ ತುಂಡನ್ನು ಆಮ್ಲದಲ್ಲಿ ತೊಳೆದು, ಪಾದರಸ ಕರಗಿಸಿದ ನೈಟ್ರಿಕ್ ಆಮ್ಲದ ನೀರನ್ನು ಮೊದಲು ಬಳಿಯುತ್ತಾರೆ. ಹೀಗೆ ಮಾಡದಿದ್ದರೆ ಮುದ್ದೆ ಹಿಡಿಯುವುದಿಲ್ಲ. ಆಮೇಲೆ ಹಿತ್ತಾಳೆ ತಂತಿಯ ಕುಂಚದಿಂದ ಮುದ್ದೆಯನ್ನು ಎಲ್ಲ ಸಂದಿಗೂ ಸವರುತ್ತಾರೆ. ತುಂಡು ಈಗ ಬೆಳ್ಳಿಯ ಹಾಗೆ ಕಾಣುತ್ತದೆ.

ನಂತರ ಇದ್ದಿಲಿನ ಕೆಂಡ. ಗಿಲೀಟಿನವನು ಕೈಗೆ ದಪ್ಪ ತೊಗಲಿನ ಗವಸು ಹಾಕಿಕೊಂಡು ತುಂಡನ್ನು ಕೆಂಡದ ಮೇಲೆ ತಿರುಗಿಸುತ್ತಾನೆ. ನಡುನಡುವೆ ತೆಗೆದು ಕುಂಚದಿಂದ ತಟ್ಟಿ ಮುದ್ದೆ ಎಲ್ಲೂ ಗುಡ್ಡೆಯಾಗದಂತೆ ಹರಡುತ್ತಾನೆ. ಬಿಳಿ ಹೋಗಿ ಮಂಕು ಹಳದಿ ಮೂಡುತ್ತದೆ. ಒಳ್ಳೆಯ ತುಂಡಾದರೆ ಇದೆಲ್ಲ ಮತ್ತೆ ಮೊದಲಿನಿಂದ, ಎರಡು ಮೂರು ಸಲ. ಕಾವಿಗೆ ಚಿನ್ನ ಕಂಚಿನೊಳಕ್ಕೂ ಸ್ವಲ್ಪ ಇಳಿದಿರುತ್ತದೆ. ಬರೀ ಮೇಲೆ ಅಂಟಿಸಿದ ಹಾಗಲ್ಲ, ಬೇರು ಬಿಟ್ಟ ಹಾಗೆ. ಇನ್ನೂರು ವರ್ಷವಾದರೂ ಸುಲಿದು ಬರದಿರುವುದು ಇದಕ್ಕೇ.

ಮಬ್ಬು ಮತ್ತು ಒಪ್ಪ ಎರಡನ್ನೂ ಒಂದೇ ತುಂಡಿನ ಮೇಲೆ ತರುವುದು ಇನ್ನೊಂದು ಕೆಲಸ. ಒಪ್ಪ ಬೇಕಾದ ಜಾಗಕ್ಕೆ ಸೀಮೆಸುಣ್ಣದ ಪುಡಿ, ಕಂದು ಸಕ್ಕರೆ, ಗೋಂದು ಕಲಸಿದ ಲೇಪ ಹಚ್ಚಿ ಮುಚ್ಚುತ್ತಾರೆ. ಉಳಿದ ಕಡೆ ಉಪ್ಪು, ಪೆಟ್ಲುಪ್ಪು, ಪಟಿಕದ ಮಿಶ್ರಣ ಹಾಕಿ ಕಾಯಿಸಿ ಥಟ್ಟನೆ ನೀರಿಗೆ ಅದ್ದುತ್ತಾರೆ. ಆ ಉಪ್ಪುಗಳು ಚಿನ್ನದ ಮೇಲ್ಮೈಯನ್ನು ಸಣ್ಣಗೆ ಕಚ್ಚಿ ಇಬ್ಬನಿ ಬಿದ್ದಂಥ ಮಬ್ಬು ತರುತ್ತವೆ. ಆಮೇಲೆ ಮುಚ್ಚಿದ್ದ ಜಾಗ ತೆರೆದು ಅಗೇಟ್ ಕಲ್ಲಿನಿಂದ ಒತ್ತಿ ಉಜ್ಜಿ ಒಪ್ಪ ಹಾಕುತ್ತಾರೆ. ಲೋಹದ ಕೆಲಸಕ್ಕೆ ಅಡುಗೆಮನೆಯ ಸಕ್ಕರೆ ಉಪ್ಪು ಎರಡೂ ಬೇಕಾಯಿತು, ನೋಡಿ.

ಸರಿ, ಆದರೆ ಹಾರಿಹೋದ ಪಾದರಸ ಎಲ್ಲಿಗೆ ಹೋಯಿತು? ಗಿಲೀಟಿನವನ ಎದೆಯೊಳಕ್ಕೆ. ಅದರ ಆವಿಗೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಮೊದಲು ಬಾಯಲ್ಲಿ ಜೊಲ್ಲು ಜಾಸ್ತಿಯಾಗುತ್ತದೆ, ವಸಡು ಊದುತ್ತದೆ, ಹಲ್ಲು ಸಡಿಲವಾಗುತ್ತದೆ. ಆಮೇಲೆ ಕೈ ನಡುಕ. ಸೂಜಿಮೊನೆಯಷ್ಟು ಜಾಗಕ್ಕೂ ಕುಂಚ ಮುಟ್ಟಿಸಬಲ್ಲ ಕೈಗೆ ಕೊನೆಗೆ ಲೋಟ ಹಿಡಿಯಲೂ ಆಗುವುದಿಲ್ಲ. ಇದು ಗುಟ್ಟೇನೂ ಆಗಿರಲಿಲ್ಲ. ಊರಿಗೆಲ್ಲ ಗೊತ್ತಿತ್ತು. ಕೆಲಸ ನಡೆಯುತ್ತಲೇ ಇತ್ತು.

ಇದರ ಬಗ್ಗೆ ದುಡ್ಡು ಬಿಚ್ಚಿದವನು ಆ ಕಸುಬಿನವನೇ. ಆಂತ್ವಾನ್-ಆಂದ್ರೆ ರಾವ್ರಿಯೋ, ನೆಪೋಲಿಯನ್ ಅರಮನೆಗಳಿಗೆ ಕಂಚಿನ ಸಾಮಾನು ಒದಗಿಸಿದ ವ್ಯಾಪಾರಿ. 1814ರಲ್ಲಿ ಸತ್ತಾಗ ಉಯಿಲಿನಲ್ಲಿ 3000 ಫ್ರಾಂಕ್ ತೆಗೆದಿರಿಸಿದ್ದ. ಗಿಲೀಟಿನವರನ್ನು ಪಾದರಸದಿಂದ ಕಾಪಾಡುವ ಉಪಾಯ ಕಂಡುಹಿಡಿದವರಿಗೆ ಅದು ಬಹುಮಾನ. ಫ್ರಾನ್ಸಿನ ವಿಜ್ಞಾನ ಅಕಾಡೆಮಿ ಸ್ಪರ್ಧೆ ನಡೆಸಿತು. ಗೆದ್ದವನು ರಸಾಯನ ಶಾಸ್ತ್ರಜ್ಞ ಜಾನ್-ಪಿಯೇರ್-ಜೋಸೆಫ್ ದಾರ್ಸೆ. ಅವನ ಪುಸ್ತಕ 1818ರಲ್ಲಿ ಅಚ್ಚಾಯಿತು.

ಅವನ ಉಪಾಯ ಬಹಳ ಸರಳ. ಸೌದೆ ಒಲೆಯ ಹೊಗೆಗೂಡು ಬಿಸಿಯಾದ ಮೇಲೆ ಹೊಗೆ ತಾನೇ ಮೇಲಕ್ಕೆ ಹೋಗುತ್ತದೆ, ತಣ್ಣಗಿದ್ದರೆ ಮನೆಯೊಳಕ್ಕೇ ನುಗ್ಗುತ್ತದೆ, ಅಲ್ವಾ? ಗಿಲೀಟಿನ ಇದ್ದಿಲ ಕೆಂಡಕ್ಕೆ ಅಷ್ಟು ಎಳೆತ ಹುಟ್ಟಿಸುವ ಶಕ್ತಿ ಇರಲಿಲ್ಲ. ದಾರ್ಸೆ ಹೊಗೆಗೂಡಿಗೆ ಇನ್ನೊಂದು ಪುಟ್ಟ ಒಲೆ ಸೇರಿಸಿದ. ಅದರ ಕೆಲಸ ಗೂಡಿನ ಗಾಳಿ ಕಾಯಿಸುವುದು ಮಾತ್ರ. ಗಾಳಿ ಮೇಲೇರಿದ ಹಾಗೆಲ್ಲ ಕೆಲಸದ ಜಾಗದ ಆವಿಯನ್ನೂ ಜೊತೆಗೆ ಎಳೆದುಕೊಂಡು ಹೋಗುತ್ತದೆ. ಕೆಲಸದವನ ಮುಖಕ್ಕೂ ಬೆಂಕಿಗೂ ನಡುವೆ ಗಾಜಿನ ಬಾಗಿಲು, ಕೆಳಗೆ ಕೈ ಹೋಗುವಷ್ಟು ಸಂದಿ. ಇವತ್ತು ಯಾವುದೇ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಇರುವ ಹೊಗೆ ಎಳೆಯುವ ಗಾಜಿನ ಗೂಡು ಇದರ ಮೊಮ್ಮಗ ಅನ್ನಬಹುದು. ವೈಟ್ ಹೌಸಿನ ತಟ್ಟೆ ತಯಾರಾದದ್ದು ಸರಿಯಾಗಿ ಈ ಎರಡರ ನಡುವೆ, ಉಯಿಲು ಬರೆದಾಗಿತ್ತು, ಪುಸ್ತಕ ಇನ್ನೂ ಬಂದಿರಲಿಲ್ಲ.

ಪಾದರಸದ ಮಾತು ಗಿಲೀಟಿಗೇ ಮುಗಿಯುವುದಿಲ್ಲ. ನಡುವಿನ ಕನ್ನಡಿಯನ್ನು ಮರೆಯಬೇಡಿ.

ನಮ್ಮಲ್ಲಿ ಕನ್ನಡಿ ಹಳೆಯದಾಗಿ ಕಪ್ಪು ಮಚ್ಚೆ ಬಿದ್ದರೆ ‘ಪಾದರಸ ಹೋಗಿದೆ’ ಅಂತೀವಿ. ಈಗಿನ ಕನ್ನಡಿಗಳ ಹಿಂದೆ ಇರುವುದು ಬೆಳ್ಳಿ ಇಲ್ಲವೇ ಅಲ್ಯೂಮಿನಿಯಂ. ಪಾದರಸ ಹೋಗಿ ಶತಮಾನವೇ ಆಗಿದೆ. ಮಾತಿನಲ್ಲಿ ಮಾತ್ರ ಉಳಿದಿದೆ. 1817ರಲ್ಲಿ ಆ ಮಾತು ಅಕ್ಷರಶಃ ನಿಜ. ಕಲ್ಲಿನ ಮೇಜಿನ ಮೇಲೆ ತವರದ ತೆಳು ಹಾಳೆ ಹಾಸಿ, ಅದರ ಮೇಲೆ ಪಾದರಸ ಹರಡಿ, ಗಾಜನ್ನು ಮೆಲ್ಲಗೆ ಜಾರಿಸಿ ಕೂರಿಸುತ್ತಿದ್ದರು. ಮೇಲೆ ಭಾರ ಹೇರಿ, ಮೇಜನ್ನು ಓರೆ ಮಾಡಿ, ಹೆಚ್ಚಿನ ಪಾದರಸ ಬಸಿದುಹೋಗಲು ದಿನಗಟ್ಟಲೆ ಬಿಡುತ್ತಿದ್ದರು. ಜರ್ಮನಿಯ ಯುಸ್ಟುಸ್ ಫಾನ್ ಲೀಬಿಗ್ ಗಾಜಿನ ಮೇಲೆ ಬೆಳ್ಳಿ ಕೂರಿಸುವ ರಾಸಾಯನಿಕ ದಾರಿ ತೋರಿಸಿದ್ದು 1835ರಲ್ಲಿ. ಅದು ಕಾರ್ಖಾನೆಗಳಿಗೆ ಬರಲು ಇನ್ನೂ ಸಮಯ ಹಿಡಿಯಿತು. ಹಾಗಾಗಿ ಆ ಕಾಲದ ಸ್ಯುರ್ತೂವಿನಲ್ಲಿ ಬೆಳಕು ಕೊಡುವ ಎರಡೂ ಭಾಗ, ಸುತ್ತಲಿನ ಚಿನ್ನ ಮತ್ತು ನಡುವಿನ ಕನ್ನಡಿ, ಪಾದರಸದ ಕೈಯಿಂದಲೇ ಆದದ್ದು. ಒಂದರಲ್ಲಿ ಅದು ಕೆಲಸ ಮುಗಿಸಿ ಹಾರಿಹೋಯಿತು. ಇನ್ನೊಂದರಲ್ಲಿ ಗಾಜಿನ ಹಿಂದೆ ಅಲ್ಲೇ ಕೂತಿತು.

ಇಂಥ ವಸ್ತು ಅಮೆರಿಕಕ್ಕೆ ಹೋದದ್ದು ಹೇಗೆ ಅನ್ನುವುದೂ ಸ್ವಾರಸ್ಯವಾಗಿದೆ. 1814ರ ಆಗಸ್ಟ್ 24ರಂದು ಬ್ರಿಟಿಷ್ ಸೈನ್ಯ ವಾಷಿಂಗ್ಟನ್‌ಗೆ ನುಗ್ಗಿ ಅಧ್ಯಕ್ಷರ ಮನೆಗೆ ಬೆಂಕಿ ಇಟ್ಟಿತು. ಗೋಡೆ ಬಿಟ್ಟರೆ ಉಳಿದದ್ದು ಅಷ್ಟಕ್ಕಷ್ಟೇ. 1817ರಲ್ಲಿ ಜೇಮ್ಸ್ ಮನ್ರೋ ಅಧ್ಯಕ್ಷನಾದಾಗ ಮನೆ ಮತ್ತೆ ಎದ್ದಿತ್ತು, ಸಾಮಾನು ಇರಲಿಲ್ಲ. ಸಂಸತ್ತು 20,000 ಡಾಲರ್ ಮಂಜೂರು ಮಾಡಿತು. ಮನ್ರೋ ಹಿಂದೆ ಪ್ಯಾರಿಸ್‌ನಲ್ಲಿ ರಾಯಭಾರಿಯಾಗಿದ್ದವನು, ಅಲ್ಲಿನ ರುಚಿ ಹತ್ತಿತ್ತು. ಲ ಹಾವ್ರ್ ಬಂದರಿನ ದಲ್ಲಾಳಿಗಳಿಗೆ ಪಟ್ಟಿ ಕಳಿಸಿದ. ಅವರೂ ಸುಮ್ಮನೆ ಹೇಳಿದ್ದು ಕೊಳ್ಳುವವರಲ್ಲ. ಅಧ್ಯಕ್ಷ ಕೇಳಿದ್ದು ಮಹಾಗನಿ ಮರದ ಕುರ್ಚಿ. ದೊಡ್ಡವರ ದಿವಾನಖಾನೆಗೆ ಮಹಾಗನಿ ಶೋಭಿಸುವುದಿಲ್ಲ ಅಂತ ಬರೆದು ಚಿನ್ನದ ಲೇಪದ ಕುರ್ಚಿಗಳನ್ನೇ ಕಳಿಸಿದರು. ಗಡಿಯಾರ ಹುಡುಕುವಾಗ ಇನ್ನೊಂದು ಪೇಚು. ಬಟ್ಟೆಯಿಲ್ಲದ ದೇವತೆಗಳಿಲ್ಲದ ಗಡಿಯಾರ ಪ್ಯಾರಿಸ್‌ನಲ್ಲಿ ಸಿಗುವುದೇ ಕಷ್ಟ ಅಂತ ಅವರು ಗೋಳು ತೋಡಿಕೊಂಡಿದ್ದಾರೆ.

ತಟ್ಟೆ ಮಾತ್ರ ಬಹಳ ಜಾಣತನದ ಆಯ್ಕೆ ಅಂತ ನನಗನ್ನಿಸುತ್ತದೆ. ಅದು ಏಳು ತುಂಡಿನದು. ದೊಡ್ಡ ಔತಣಕ್ಕೆ ಏಳನ್ನೂ ಜೋಡಿಸಬಹುದು. ನೆಂಟರು ಕಡಿಮೆ ಇದ್ದರೆ ಎರಡು ತುದಿ ಇಟ್ಟುಕೊಂಡು ನಡುವಿನದನ್ನು ಬೇಕಾದಷ್ಟು ತೆಗೆಯಬಹುದು. ವಸ್ತು ರಾಜವೈಭವದ್ದು, ಬುದ್ಧಿ ಮಾತ್ರ ಸಂಸಾರಸ್ಥರದ್ದು. 1826ರಲ್ಲಿ ಅಮೆರಿಕದ ಸಂಸತ್ತು ಇನ್ನು ಮುಂದೆ ಅಧ್ಯಕ್ಷರ ಮನೆಗೆ ಕೊಳ್ಳುವ ಸಾಮಾನು ಆದಷ್ಟು ಮಟ್ಟಿಗೆ ಸ್ವದೇಶಿಯಾಗಿರಬೇಕು ಅಂತ ಕಾನೂನು ಮಾಡಿತು. ಅಷ್ಟರಲ್ಲಿ ಫ್ರೆಂಚ್ ತಟ್ಟೆ ಮೇಜು ಹತ್ತಿ ಕೂತಾಗಿತ್ತು.

ಬೆಂಕಿಯ ಗಿಲೀಟಿಗೆ ಪೆಟ್ಟು ಕೊಟ್ಟದ್ದು ಕರೆಂಟು. 1840ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಎಲ್ಕಿಂಗ್‌ಟನ್‌ರವರು ವಿದ್ಯುತ್ತಿನಿಂದ ಚಿನ್ನ, ಬೆಳ್ಳಿ ಲೇಪಿಸುವ ಪೇಟೆಂಟ್ ಪಡೆದರು. 1842ರಲ್ಲಿ ಪ್ಯಾರಿಸ್‌ನ ಶಾರ್ಲ್ ಕ್ರಿಸ್ತೋಫ್ಲ್ ಫ್ರಾನ್ಸಿಗೆ ಆ ಹಕ್ಕು ಕೊಂಡ. ದ್ರಾವಣದಲ್ಲಿ ಅದ್ದಿ ಕರೆಂಟು ಹಾಯಿಸಿದರೆ ಆಯಿತು. ಆವಿಯಿಲ್ಲ, ನಡುಕವಿಲ್ಲ, ಚಿನ್ನವೂ ಕಡಿಮೆ. (ಆ ದ್ರಾವಣದಲ್ಲಿ ಸಯನೈಡ್ ಇರುತ್ತಿತ್ತು ಅನ್ನುವುದು ಬೇರೆ ಮಾತು.) ಫ್ರಾನ್ಸಿನ ಚಕ್ರವರ್ತಿ 3ನೇ ನೆಪೋಲಿಯನ್ ನೂರು ಜನ ಕೂರುವ ಮೇಜಿಗೆ ಒಂದು ಭಾರಿ ಸ್ಯುರ್ತೂ ಮಾಡಿಸಿದಾಗ ಹೋಗಿದ್ದು ಕ್ರಿಸ್ತೋಫ್ಲ್ ಹತ್ತಿರವೇ. 1871ರಲ್ಲಿ ಅದನ್ನಿಟ್ಟಿದ್ದ ಪ್ಯಾರಿಸ್‌ನ ತ್ವೀಲ್ರಿ ಅರಮನೆ ಸುಟ್ಟುಹೋಯಿತು. ಬೂದಿಯಿಂದ ಎತ್ತಿ ತೆಗೆದ ಆ ಸ್ಯುರ್ತೂ ಈಗ ಪ್ಯಾರಿಸ್‌ನ ಅಲಂಕಾರ ಕಲೆಗಳ ಮ್ಯೂಸಿಯಂನಲ್ಲಿದೆ.

ಹಳೆಯ ಸಾಮಾನಿನ ವ್ಯಾಪಾರಿಗಳು 1830ರಲ್ಲಿ ಫ್ರಾನ್ಸ್ ಪಾದರಸದ ಗಿಲೀಟನ್ನು ನಿಷೇಧಿಸಿತು, ಹಾಗಾಗಿ ಇದು ಅದಕ್ಕೂ ಹಿಂದಿನದು ಅಂತ ಹೇಳುವುದುಂಟು. ಆ ಮಾತನ್ನು ನಂಬಿ ದುಡ್ಡು ಕೊಡಬೇಡಿ. 1830 ಆದಮೇಲೂ ದಶಕಗಳ ಕಾಲ ಒಳ್ಳೆಯ ಅಂಗಡಿಗಳಲ್ಲಿ ಆ ಕೆಲಸ ನಡೆದಿದೆ. ವಯಸ್ಸು ತಿಳಿಯಬೇಕಾದರೆ ವಸ್ತುವನ್ನು ತಿರುಗಿಸಿ ನೋಡಬೇಕು. ಬೆಂಕಿಯ ಗಿಲೀಟಿನಲ್ಲಿ ಚಿನ್ನ ಬಳಿಯುವುದು ಕಣ್ಣಿಗೆ ಕಾಣುವ ಕಡೆ ಮಾತ್ರ. ಹಿಂಭಾಗದಲ್ಲಿ ಬರಿಯ ಲೋಹ, ಅಂಚಿನಲ್ಲಿ ಕುಂಚ ದಾಟಿದ ಹಳದಿ ಗೆರೆ. ಕರೆಂಟಿನ ದ್ರಾವಣಕ್ಕೆ ಹಿಂದು ಮುಂದು ಗೊತ್ತಿಲ್ಲ, ಎಲ್ಲ ಕಡೆಗೂ ಒಂದೇ ಸಮ ಹಿಡಿದಿರುತ್ತದೆ. ಸ್ಕ್ರೂಗಳೂ ಮಾತಾಡುತ್ತವೆ. ಕೈಯಲ್ಲಿ ಕೊರೆದ ಸ್ಕ್ರೂ ತನ್ನ ತೂತಿಗೆ ಮಾತ್ರ ಸರಿಹೋಗುತ್ತದೆ, ಪಕ್ಕದ್ದಕ್ಕೆ ಕೂರುವುದಿಲ್ಲ. ಹಾಗಾಗಿ ಜೋಡಿ ತಪ್ಪದಿರಲಿ ಅಂತ ತುಂಡಿಗೂ ಸ್ಕ್ರೂವಿಗೂ ಒಂದೇ ಗುರುತು ಕೊರೆದಿರುವುದುಂಟು. ಹೆಸರು ಕೊರೆದಿದೆ ಅಂತ ಮಾತ್ರ ಹಿಗ್ಗಬಾರದು. ತೋಮಿರ್ ಹೆಸರನ್ನು ಯಾರು ಬೇಕಾದರೂ ಕೊರೆಯಬಹುದು. ತೋಮಿರ್‌ನ ಎಲೆ ಕೊರೆಯಲು ತೋಮಿರ್‌ನ ಕೈಯೇ ಬೇಕು.

ಎಲ್ಲಾದರೂ ಇಂಥದ್ದು ಕೈಗೆ ಬಂದರೆ ಹುಣಸೆಹಣ್ಣು, ನಿಂಬೆಹುಳಿ, ಪೀತಾಂಬರಿ ಪುಡಿ ಯಾವುದನ್ನೂ ಹತ್ತಿರ ತರಬೇಡಿ. ದೇವರ ಮನೆಯ ಹಿತ್ತಾಳೆ ದೀಪಕ್ಕೆ ಅದು ಸರಿ, ಅಲ್ಲಿ ಒಳಗಿದ್ದದ್ದೂ ಹಿತ್ತಾಳೆಯೇ. ಇಲ್ಲಿ ಮೇಲಿರುವ ಚಿನ್ನ ಕೂದಲೆಳೆಗಿಂತ ಎಷ್ಟೋ ತೆಳು. ನಾಲ್ಕು ಸಲ ತಿಕ್ಕಿದರೆ ದ್ರಾಕ್ಷಿಯ ನೆತ್ತಿಯಲ್ಲಿ ಹಿತ್ತಾಳೆ ಇಣುಕುತ್ತದೆ. ಚಿನ್ನಕ್ಕೆ ಕಿಲುಬು ಹಿಡಿಯುವುದಿಲ್ಲ. ಮಂಕಾಗಿ ಕಾಣುವುದು ಹಳೆಯ ಮೇಣ, ಧೂಳು, ಮಸಿ, ಅಥವಾ ಕೆಳಗಿನ ತಾಮ್ರದಿಂದ ಎದ್ದ ಕಲೆ. ಮೆತ್ತನೆಯ ಕುಂಚದಿಂದ ಧೂಳು ಹೊಡೆದು ಉಳಿದದ್ದನ್ನು ಬಲ್ಲವರಿಗೆ ಬಿಡಬೇಕು.

ಕನ್ನಡಿಯನ್ನೂ ಹಾಗೇ ನೋಡಿ. ಒಂದು ಬಿಳಿ ಕಾಗದ ಹಿಡಿದು ಅದರ ಬಿಂಬ ಗಮನಿಸಿ. ಬಿಳಿಯಾಗೇ ಕಂಡರೆ ಗಾಜನ್ನು ಆಮೇಲೆ ಬದಲಾಯಿಸಿದ್ದಾರೆ, ಹಿಂದೆ ಇರುವುದು ಬೆಳ್ಳಿ. ಕಾಗದ ಸ್ವಲ್ಪ ಬೂದು ನೀಲಿಗೆ ತಿರುಗಿ, ಗಾಜಿನಾಳದಲ್ಲಿ ಸಕ್ಕರೆ ಹರಳಿನಂಥ ಮಿಣುಕು ಕಂಡರೆ ಅದು ಹಳೆಯ ತವರ-ಪಾದರಸ. ಚೌಕಟ್ಟಿನ ಅಂಚಿನಲ್ಲಿ ಸಾಸಿವೆಗಿಂತ ಚಿಕ್ಕ ಬೆಳ್ಳಿ ಹನಿಗಳು ಕೂತಿರುವುದೂ ಉಂಟು. ಅವನ್ನು ಬೆರಳಲ್ಲಿ ಮುಟ್ಟಬೇಡಿ, ವ್ಯಾಕ್ಯೂಮ್ ಕ್ಲೀನರ್ ಹಿಡಿಯಬೇಡಿ, ಆವಿಯಾಗಿ ಕೋಣೆ ತುಂಬುತ್ತದೆ. ಕಿಟಕಿ ತೆರೆದು, ಮಕ್ಕಳನ್ನು ಹೊರಗೆ ಕಳಿಸಿ. ಮುಖ್ಯವಾಗಿ, ಹತ್ತಿರ ಹೋಗುವ ಮೊದಲು ಉಂಗುರ ಬಿಚ್ಚಿಡಿ.